ಮೈಸೂರು ಝೂ: ಮುಚ್ಚಿಹೋದ ಜಪಾನಿನ ಝೂಗಳ ಪಕ್ಕದಲ್ಲಿಟ್ಟು ಒಂದು ವಿಮರ್ಶೆ

ಭಾನುವಾರ ಹನ್ನೊಂದು ಗಂಟೆಗೆ ಒಳಹೊಕ್ಕು, ಎರಡು ಗಂಟೆಗೆ ಕಾಲೆಳೆದುಕೊಂಡು ಹೊರಬಂದು, "ಹುಲಿ ಮಲಗಿತ್ತು, ಚಿರತೆ ಕಾಣಲೇ ಇಲ್ಲ" ಎನ್ನುವವರ ಮಾತು ಕೇಳಿ ಮೈಸೂರು ಝೂ ಹೇಗಿದೆ ಎಂದು ತೀರ್ಮಾನಿಸಬೇಡಿ. ಅದೇ ಝೂವನ್ನು ಬುಧವಾರ ಬೆಳಿಗ್ಗೆ ಎಂಟೂವರೆಗೆ ಗೇಟು ತೆರೆಯುವಾಗ ಹೊಕ್ಕವರು ಬೇರೆಯದೇ ಝೂ ನೋಡಿರುತ್ತಾರೆ. ಕರ್ನಾಟಕದಲ್ಲಿ ಟಿಕೆಟ್ ಕೊಟ್ಟು ನೋಡುವ ಜಾಗಗಳಲ್ಲಿ ಕೊಟ್ಟ ದುಡ್ಡಿಗೆ ಇಷ್ಟು ತುಂಬಿಕೊಡುವ ಜಾಗ ಮತ್ತೊಂದಿಲ್ಲ ಎಂಬುದು ನಮ್ಮ ಅಭಿಪ್ರಾಯ. ಅದು ಸಿಗಬೇಕಾದರೆ ಹೊತ್ತು, ವಾರ, ದಾರಿ ಮೂರನ್ನೂ ಲೆಕ್ಕಹಾಕಿ ಹೋಗಬೇಕು. ಈ ಝೂ ಇವತ್ತಿಗೂ ತೆರೆದಿರುವುದು ತಾನಾಗಿ ಆದದ್ದಲ್ಲ ಎಂಬುದೂ ತಿಳಿದಿರಬೇಕು. ಅದನ್ನು ತಿಳಿಯಲು ಜಪಾನಿನ ಊರೂರುಗಳಲ್ಲಿ ಹುಟ್ಟಿ ಮುಚ್ಚಿಹೋದ ಝೂಗಳ ಕಥೆಯಷ್ಟು ಒಳ್ಳೆಯ ಪಾಠ ಬೇರೆ ಸಿಗದು. ಆ ಕಥೆಯ ಒಂದು ತುದಿ ನಮ್ಮ ಮೈಸೂರು ಸೀಮೆಯಲ್ಲೇ ಇದೆ.

ಮೊದಲು ಹೋಗುವ ವಿಚಾರ. ಬೆಳಿಗ್ಗೆ 8.30ರಿಂದ ಸಂಜೆ 5.30ರವರೆಗೆ ತೆರೆದಿರುತ್ತದೆ, ಮಂಗಳವಾರ ರಜೆ. ದಸರಾ ಮತ್ತು ರಜೆಯ ಕಾಲದಲ್ಲಿ ಮಂಗಳವಾರವೂ ತೆರೆಯುವುದುಂಟು, ಹಾಗಾಗಿ ದೂರದಿಂದ ಬರುವವರು ಹೊರಡುವ ಮುನ್ನ ವಿಚಾರಿಸಿಕೊಳ್ಳಿ. ಟಿಕೆಟ್ ಆನ್‌ಲೈನ್‌ನಲ್ಲಿ ಸಿಗುತ್ತದೆ. ಶನಿವಾರ, ಭಾನುವಾರ ಕೌಂಟರಿನ ಸಾಲಿನಲ್ಲಿ ನಿಲ್ಲುವ ಹೊತ್ತು ಅದರಿಂದ ಉಳಿಯುತ್ತದೆ, ಮತ್ತು ಆ ಹೊತ್ತು ಬೆಳಗಿನದಾದ್ದರಿಂದ ಅದರ ಬೆಲೆ ಹೆಚ್ಚು. ದರ ಆಗಾಗ ಬದಲಾಗುವುದರಿಂದ ಇಲ್ಲಿ ಬರೆಯುತ್ತಿಲ್ಲ. ಕ್ಯಾಮೆರಾಗೆ ಪ್ರತ್ಯೇಕ ಶುಲ್ಕವಿದೆ. ಪ್ಲಾಸ್ಟಿಕ್ ವಿಷಯದಲ್ಲಿ ಗೇಟಿನಲ್ಲಿ ಬಿಗಿಯಾಗಿದ್ದಾರೆ, ಚೀಲ ತೆಗೆಸಿ ನೋಡುತ್ತಾರೆ. ಚಿಪ್ಸ್ ಪೊಟ್ಟಣ, ಕವರುಗಳನ್ನು ತಂದು ಅಲ್ಲಿ ವಾದಕ್ಕೆ ನಿಲ್ಲುವ ಬದಲು ಸ್ಟೀಲ್ ಬಾಟಲಿಯಲ್ಲಿ ನೀರು, ಡಬ್ಬಿಯಲ್ಲಿ ತಿಂಡಿ ತರುವುದು ವಾಸಿ. ಈ ಬಿಗಿಗೆ ಕಾರಣವಿದೆ. ಜಿಂಕೆ, ಕಡವೆಯಂಥ ಮೆಲುಕುಹಾಕುವ ಪ್ರಾಣಿ ಉಪ್ಪು ಹತ್ತಿದ ಪ್ಲಾಸ್ಟಿಕ್ ನುಂಗಿದರೆ ಅದು ಹೊಟ್ಟೆಯ ಮೊದಲ ಕೋಣೆಯಲ್ಲೇ ಉಂಡೆಯಾಗಿ ನಿಲ್ಲುತ್ತದೆ, ಮುಂದೆ ಹೋಗುವುದಿಲ್ಲ. ಪ್ರಾಣಿ ಮೇವು ಬಿಡುತ್ತದೆ, ಸೊರಗುತ್ತದೆ. ಕಾರಣ ಗೊತ್ತಾಗುವ ಹೊತ್ತಿಗೆ ಕೈಮೀರಿರುತ್ತದೆ.

ಒಳಗಿನ ಸುತ್ತು ಸುಮಾರು ಮೂರು ಕಿಲೋಮೀಟರಿನದು. ಬಾಣದ ಗುರುತು ಹಿಡಿದು ಒಂದೇ ದಿಕ್ಕಿನಲ್ಲಿ ಸಾಗುವ ದಾರಿ, ಮಧ್ಯೆ ಹಿಂದಿರುಗಿ ಬಂದು ನೋಡುತ್ತೇನೆ ಎಂದರೆ ಜನಜಂಗುಳಿಯ ದಿನ ಆಗದ ಮಾತು. ಮೂರು ಗಂಟೆ ಇಟ್ಟುಕೊಳ್ಳಿ, ಚಿಕ್ಕ ಮಕ್ಕಳಿದ್ದರೆ ನಾಲ್ಕು. ಮಂಡಿನೋವಿನವರಿಗೆ, ವಯಸ್ಸಾದವರಿಗೆ ಬ್ಯಾಟರಿ ಗಾಡಿ ಇದೆ. ಅದು ಒಂದೊಂದು ಕಡೆ ಸ್ವಲ್ಪವೇ ಹೊತ್ತು ನಿಲ್ಲುವುದರಿಂದ ನಡೆಯಬಲ್ಲವರು ನಡೆಯುವುದೇ ಒಳ್ಳೆಯದು.

ಬೆಳಗಿನ ಹೊತ್ತಿಗೆ ಏಕೆ ಇಷ್ಟು ಒತ್ತು? ದೊಡ್ಡ ಬೆಕ್ಕುಗಳು, ಅಂದರೆ ಹುಲಿ, ಸಿಂಹ, ಚಿರತೆ, ಜಾಗ್ವಾರ್, ರಾತ್ರಿಯನ್ನು ಒಳಗಿನ ಕೋಣೆಯಲ್ಲಿ ಕಳೆದು ಬೆಳಿಗ್ಗೆ ಬಯಲಿಗೆ ಬಂದಾಗ ಮೊದಲು ತಮ್ಮ ಗಡಿಯನ್ನು ಸುತ್ತುತ್ತವೆ, ಮೂಸುತ್ತವೆ, ಮರಕ್ಕೆ ಉಗುರು ಹಾಕುತ್ತವೆ. ಬಿಸಿಲೇರಿದಂತೆ ನೆರಳು ಹುಡುಕಿ ಮಲಗುತ್ತವೆ. ಬೆಕ್ಕಿನ ಜಾತಿಗೆ ದಿನದ ಬಹುಪಾಲು ನಿದ್ದೆಯೇ ಸಹಜ, ಅದು ಕಾಯಿಲೆಯೂ ಅಲ್ಲ, ಬೇಸರವೂ ಅಲ್ಲ. ಕೂಗಿ, ಚಪ್ಪಾಳೆ ತಟ್ಟಿ ಎಬ್ಬಿಸಲು ನೋಡುವುದು ಕ್ರೌರ್ಯ, ಅಷ್ಟೇ. ಸಂಜೆಯ ಕೊನೆಯ ಗಂಟೆಯೂ ಕೈಕೊಡುತ್ತದೆ, ಏಕೆಂದರೆ ಆಹಾರಕ್ಕಾಗಿ ಪ್ರಾಣಿಗಳನ್ನು ಒಳಗೆ ಕರೆಯುವ ಹೊತ್ತು ಅದು. ನಾಲ್ಕೂವರೆಗೆ ಬಂದು ಖಾಲಿ ಬಯಲು ನೋಡಿ ಹೋಗುವವರು ಕಡಿಮೆಯೇನಲ್ಲ. ಜೂನ್‌ನಿಂದ ಫೆಬ್ರವರಿವರೆಗೆ ಮೋಡ ಕವಿದ ದಿನ ಸಿಕ್ಕರೆ ನಡುಹಗಲೂ ಪರವಾಗಿಲ್ಲ.

ಮೈಸೂರು ಝೂ ಬಗ್ಗೆ ನಮಗಿರುವ ಮೆಚ್ಚುಗೆ ಮುಖ್ಯವಾಗಿ ಅದರ ನೆಲದ ಬಗ್ಗೆ. ಹತ್ತನೇ ಚಾಮರಾಜ ಒಡೆಯರು 1892ರಲ್ಲಿ ಹತ್ತು ಚಿಲ್ಲರೆ ಎಕರೆಯಲ್ಲಿ ಶುರುಮಾಡಿದ್ದು ಇದು, ಆಗ ಅರಮನೆಯವರದು. ಜನರಿಗೆ ತೆರೆದದ್ದು 1902ರಲ್ಲಿ. ಚಾಮರಾಜೇಂದ್ರ ಮೃಗಾಲಯ ಎಂದು ಹೆಸರಾದದ್ದು 1909ರಲ್ಲಿ. ಗಿಡಮರಗಳ ವಿನ್ಯಾಸದಲ್ಲಿ ಜರ್ಮನಿಯ ಕ್ರುಂಬಿಗಲ್ ಅವರ ಕೈ ಇದೆ. ಸುಮಾರು 1892ರಿಂದ 1924ರವರೆಗೆ ಮೇಲ್ವಿಚಾರಕರಾಗಿದ್ದವರು ಎ. ಸಿ. ಹ್ಯೂಸ್. ಮುಂದೆ ಸುತ್ತಲ ಜಾಗ ಸೇರುತ್ತಾ ಈಗ ಅದು 157 ಎಕರೆ, ಪಕ್ಕದ ಕಾರಂಜಿ ಕೆರೆ ಬೇರೆ. ಈ ಬೆಳವಣಿಗೆ ಏಕೆ ಮುಖ್ಯ ಎಂಬುದು ಕಂದಕದ ಅಂಚಿನಲ್ಲಿ ನಿಂತಾಗ ತಿಳಿಯುತ್ತದೆ. ಸರಳಿನ ಪಂಜರಕ್ಕೆ ಸ್ವಲ್ಪ ಜಾಗ ಸಾಕು. ಕಂದಕ ತೋಡಿ ಸರಳಿಲ್ಲದೆ ಹುಲಿ ತೋರಿಸಬೇಕಾದರೆ ಪ್ರಾಣಿ ಹಾರಲಾರದಷ್ಟು ಅಗಲ, ಹತ್ತಲಾರದಷ್ಟು ಆಳ, ನೋಡುಗರ ಕಡೆಗೆ ನೆಟ್ಟನೆಯ ಗೋಡೆ, ಪ್ರಾಣಿಯ ಕಡೆಗೆ ಜಾರದೆ ಇಳಿಯುವ ಇಳಿಜಾರು ಬೇಕು. ಪ್ರಾಣಿಯ ಓಡಾಟದ ಬಯಲು ಇದಕ್ಕೆ ಹೊರತು. ನೆಲವಿಲ್ಲದ ಝೂ ಪಂಜರದಿಂದ ಆಚೆ ಬರಲಾರದು.

ಈಗ ಜಪಾನಿನ ಕಡೆ ಹೋಗೋಣ. 1943ರಲ್ಲಿ, ಯುದ್ಧದ ನಡುವೆ, ಟೋಕಿಯೊದ ಯುಎನೊ ಮೃಗಾಲಯದ ಆನೆಗಳನ್ನು ಸರ್ಕಾರಿ ಆಜ್ಞೆಯ ಮೇರೆಗೆ ಕೊಂದರು. ಬಾಂಬು ಬಿದ್ದು ಪ್ರಾಣಿಗಳು ಬೀದಿಗೆ ಬರಬಹುದೆಂಬುದು ಕೊಟ್ಟ ಕಾರಣ. ವಿಷ ಬೆರೆಸಿದ ಆಹಾರವನ್ನು ಮುಟ್ಟದ ಆನೆಗಳು ಹಸಿವಿನಿಂದ ಸತ್ತವು. 1949ರ ಹೊತ್ತಿಗೆ ಜಪಾನಿನ ಮಕ್ಕಳಿಗೆ ನೋಡಲು ಇದ್ದದ್ದು ನಗೋಯಾದ ಹಿಗಾಶಿಯಾಮ ಮೃಗಾಲಯದ ಎರಡು ಆನೆ. ಅವನ್ನು ತೋರಿಸಲು ಟೋಕಿಯೊದಿಂದ ಮಕ್ಕಳ ವಿಶೇಷ ರೈಲನ್ನೇ ಬಿಟ್ಟರು. ಮಕ್ಕಳು ಜವಾಹರಲಾಲ್ ನೆಹರೂ ಅವರಿಗೆ ಪತ್ರ ಬರೆದರು, ನೆಹರೂ ಆನೆ ಕಳಿಸಿದರು, ಅದಕ್ಕೆ ಮಗಳ ಹೆಸರಿಟ್ಟರು. ಆ ಇಂದಿರಾ ಮೈಸೂರು ಸೀಮೆಯ ಆನೆ. ಅದಕ್ಕೆ ಅರ್ಥವಾಗುತ್ತಿದ್ದದ್ದು ಕನ್ನಡ ಮಾತ್ರ. ಹಾಗಾಗಿ ಜೊತೆಗೆ ಹೋದ ನಮ್ಮ ಮಾವುತರು ಯುಎನೊದ ಪಾಲಕರಿಗೆ ಕನ್ನಡದಲ್ಲಿ ಆಜ್ಞೆ ಕೊಡುವುದನ್ನು ಕಲಿಸಿ ಬರಬೇಕಾಯಿತು. ಇಂದಿರಾ 1983ರವರೆಗೆ ಬದುಕಿತ್ತು.

1950ರಲ್ಲಿ ಯುಎನೊದವರು ಇಂದಿರಾಳನ್ನೂ ಬೇರೆ ಪ್ರಾಣಿಗಳನ್ನೂ ಕರೆದುಕೊಂಡು ಸಂಚಾರಿ ಮೃಗಾಲಯವಾಗಿ ಊರೂರು ತಿರುಗಿದರು. ಉತ್ತರದ ಹೊಕ್ಕೈಡೊದ ಸಪ್ಪೊರೊಗೂ ಹೋದರು, ಮರುವರ್ಷವೇ ಅಲ್ಲಿ ಮರುಯಾಮ ಮೃಗಾಲಯ ತೆರೆಯಿತು. ಕೋಬೆಯ ಓಜಿ, ಹಿಮೆಜಿ, ಯೊಕೊಹಾಮದ ನೊಗೆಯಾಮ, ಎಲ್ಲವೂ 1951ರವೇ. ಒಂದು ನಗರಕ್ಕೆ ಒಂದು ಝೂ, ಒಂದು ಝೂಗೆ ಒಂದು ಆನೆ ಎಂಬ ಆಸೆ ಇಡೀ ದೇಶಕ್ಕೆ ಹತ್ತಿಕೊಂಡ ಕಾಲ ಅದು.

ಅವುಗಳಲ್ಲಿ ಎಷ್ಟೋ ಇಂದಿಗೂ ನಡೆಯುತ್ತಿವೆ. ಮುಚ್ಚಿದವುಗಳ ಕಾರಣ ಒಂದೇ ಅಲ್ಲ, ಮತ್ತು ಆ ಒಂದೊಂದು ಕಾರಣವೂ ಮೈಸೂರಿನಲ್ಲಿ ಎಲ್ಲಿ ಕಣ್ಣಿಡಬೇಕೆಂದು ತೋರಿಸುತ್ತದೆ.

ಟೋಕಿಯೊದ ನೈಋತ್ಯಕ್ಕಿರುವ ಒಡವಾರ ಎಂಬ ಊರಿನ ಝೂ ಇದ್ದದ್ದು ಅಲ್ಲಿನ ಕೋಟೆಯ ಆವರಣದಲ್ಲಿ. 1950ರಲ್ಲಿ ಥಾಯ್ಲೆಂಡಿನಿಂದ ಬಂದ ಉಮೆಕೊ ಎಂಬ ಆನೆ ಅಲ್ಲಿನ ಪ್ರಾಣ. ಆದರೆ ನೆಲ ಝೂನದ್ದಲ್ಲ, ಅದು ರಾಷ್ಟ್ರೀಯ ಐತಿಹಾಸಿಕ ಸ್ಥಳ. ಕೋಟೆಯನ್ನು ಹಳೆಯ ರೂಪಕ್ಕೆ ತರುವ ಯೋಜನೆ ಬಂದಾಗ ಝೂ ಹೋಗಲೇಬೇಕಾಯಿತು. ಒಮ್ಮೆಲೇ ಬಾಗಿಲು ಹಾಕಲಿಲ್ಲ, ಸತ್ತ ಪ್ರಾಣಿಯ ಜಾಗಕ್ಕೆ ಹೊಸದನ್ನು ತರುವುದನ್ನು ನಿಲ್ಲಿಸಿದರು. ಆಡಳಿತದ ಕಡತದಲ್ಲಿ ಇದು ಸುಲಭದ ಉಪಾಯ, ಉಳಿದ ಪ್ರಾಣಿಗೆ ಮಾತ್ರ ಘೋರ. ಉಮೆಕೊ 2009ರಲ್ಲಿ ಸುಮಾರು 62ರ ವಯಸ್ಸಿನಲ್ಲಿ ತೀರಿಕೊಂಡಿತು. ಕೊನೆಗೆ ಅಲ್ಲಿ ಉಳಿದವು ಕೋತಿಗಳು.

ಒಸಾಕ ಸುತ್ತಮುತ್ತ ಇನ್ನೊಂದು ಬಗೆ. ಅಲ್ಲಿ ಝೂ ಕಟ್ಟಿದವರು ಖಾಸಗಿ ರೈಲು ಕಂಪನಿಗಳು. ಹಳಿ ಹಾಕಿ, ಹಳಿಯ ತುದಿಯಲ್ಲಿ ಜನ ಹೋಗಬೇಕೆನಿಸುವ ಒಂದು ಜಾಗ ಕಟ್ಟಿದರೆ ರಜೆಯ ದಿನವೂ ರೈಲು ತುಂಬುತ್ತದೆ, ಇದು ಅವರ ಲೆಕ್ಕ. ಹಾಂಕ್ಯು ಕಂಪನಿ ತಕಾರಜುಕದಲ್ಲಿ 1911ರಲ್ಲಿ ಬಿಸಿನೀರಿನ ಸ್ನಾನಗೃಹದಿಂದ ಶುರುಮಾಡಿ ಝೂ ಸೇರಿದ ದೊಡ್ಡ ಉದ್ಯಾನ ಬೆಳೆಸಿತು. ಕೊಶಿಯೆನ್‌ನಲ್ಲಿ ಹಾನ್ಶಿನ್ ಪಾರ್ಕ್ ಇತ್ತು, ಗಂಡು ಚಿರತೆ ಮತ್ತು ಹೆಣ್ಣು ಸಿಂಹಕ್ಕೆ ಹುಟ್ಟಿಸಿದ ಲೆಪಾನ್‌ಗಳಿಗೆ ಅದು ಹೆಸರುವಾಸಿ: 1959ರಲ್ಲಿ ಎರಡು, 1961ರಲ್ಲಿ ಮೂರು. ಲಕ್ಷಾಂತರ ಜನ ಮುಗಿಬಿದ್ದರು. ಅವಕ್ಕೆ ಮರಿಯಾಗಲಿಲ್ಲ, ಕೊನೆಯದು 1985ರಲ್ಲಿ ಸತ್ತಿತು. ಕಂಪನಿಯ ಲೆಕ್ಕ ಹಳಿಯದು, ಪ್ರಾಣಿಯದಲ್ಲ. ಜನ ಕಡಿಮೆಯಾದರು, 2001ರಲ್ಲಿ ಒಸಾಕದಲ್ಲೇ ಯೂನಿವರ್ಸಲ್ ಸ್ಟುಡಿಯೋಸ್ ಬಂತು, 2003ರ ವಸಂತದಲ್ಲಿ ಎರಡೂ ಮುಚ್ಚಿದವು. ಹಾನ್ಶಿನ್ ಪಾರ್ಕ್ ಇದ್ದ ಕಡೆ ಈಗ ಮಾಲ್ ಇದೆ. ಝೂ ಮುಚ್ಚುವುದೆಂದರೆ ಬೀಗ ಹಾಕಿ ಹೋಗುವುದಲ್ಲ, ಪ್ರತಿ ಪ್ರಾಣಿಗೂ ಮನೆ ಹುಡುಕಬೇಕು. ತಕಾರಜುಕದ ಸಕುರ ಎಂಬ ಆನೆ ಸಮುದ್ರ ದಾಟಿ ದಕ್ಷಿಣ ಕೊರಿಯಾದ ಸೋಲ್‌ಗೆ ಹೋಯಿತು.

ಮೈಸೂರಿನ ಬಿಳಿ ಹುಲಿಯ ಮುಂದೆ ಯಾವಾಗಲೂ ಗುಂಪು ಇರುತ್ತದೆ. ಆ ಗುಂಪಿನಲ್ಲಿ ನಿಲ್ಲುವವರಿಗೆ ಲೆಪಾನ್ ಕಥೆ ತಿಳಿದಿರಲಿ. ಬಿಳಿ ಹುಲಿ ಬೇರೆ ಪ್ರಭೇದವಲ್ಲ. ನಮ್ಮ ಹುಲಿಯದೇ ಬಣ್ಣದ ವ್ಯತ್ಯಾಸ. 1951ರಲ್ಲಿ ರೇವಾದಲ್ಲಿ ಸಿಕ್ಕ ಮೋಹನ್ ಎಂಬ ಮರಿಯಿಂದ, ಹತ್ತಿರದ ರಕ್ತಸಂಬಂಧದಲ್ಲೇ ಕೂಡಿಸಿ ಬೆಳೆಸಿದ ಸಂತತಿ ಜಗತ್ತಿನ ಝೂಗಳಲ್ಲೆಲ್ಲ ಹರಡಿತು. ಮೆಳ್ಳಗಣ್ಣು ಇವುಗಳಲ್ಲಿ ಸಾಮಾನ್ಯ. ನೋಡಿ, ಸಂತೋಷಪಡಿ, ಆದರೆ ಅಲ್ಲಿ ಕಳೆಯುವ ಹದಿನೈದು ನಿಮಿಷದಲ್ಲಿ ಹತ್ತನ್ನು ಸಿಂಗಳೀಕಕ್ಕೆ, ಕಾಟಿಗೆ ಕೊಡಿ. ಪಶ್ಚಿಮಘಟ್ಟದ ಸಿಂಗಳೀಕವನ್ನು ಕಾಡಿನಲ್ಲಿ ಹುಡುಕಿ ಹೋದರೂ ಕಾಣುವುದು ಕಷ್ಟ. ಇಲ್ಲಿ ಗುಂಪಿನ ಒಳಗಿನ ನಡವಳಿಕೆ ಕಣ್ಣೆದುರೇ ಸಿಗುತ್ತದೆ.

ಮೈಸೂರು ಝೂ ಚೆನ್ನಾಗಿ ಮಾಡಿರುವ ಕೆಲಸ, ಒಡವಾರದಲ್ಲಿ ನಿಂತುಹೋದದ್ದೇ: ಬದಲಿ ಪ್ರಾಣಿ ತರುವುದು. ಪೋಲೊ ಎಂಬ ಗೊರಿಲ್ಲ ವರ್ಷಗಟ್ಟಲೆ ಒಂಟಿಯಾಗಿದ್ದು 2014ರಲ್ಲಿ ತೀರಿಕೊಂಡ ಮೇಲೆ ಆ ಜಾಗ ಖಾಲಿ ಬಿತ್ತು. 2021ರಲ್ಲಿ ಜರ್ಮನಿಯಿಂದ ಥಾಬೊ, ಡೆಂಬ ಎಂಬ ಎರಡು ಗಂಡು ಗೊರಿಲ್ಲಗಳು ಬಂದವು, ಅದೇ ವರ್ಷ ಮಲೇಶ್ಯ ಮತ್ತು ಸಿಂಗಪುರದಿಂದ ಒರಾಂಗುಟಾನ್‌ಗಳು. 2020ರಲ್ಲಿ ದಕ್ಷಿಣ ಆಫ್ರಿಕಾದಿಂದ ಚೀತಾಗಳು ಬಂದಿದ್ದವು. 2021ರ ಮೇ ತಿಂಗಳಲ್ಲಿ ಮೂರು ಆನೆಗಳು ಇಲ್ಲಿಂದ ಜಪಾನಿನ ಟೊಯೊಹಾಶಿಗೆ ಹೋದವು, ಇಂದಿರಾ ಹಡಗಿನಲ್ಲಿ ಹೋದ ದೇಶಕ್ಕೆ ಇವು ವಿಮಾನದಲ್ಲಿ. ಇಂಥ ವಿನಿಮಯ ಕಾಗದದ ಕೆಲಸವಷ್ಟೇ ಅಲ್ಲ. ಕೇಂದ್ರ ಮೃಗಾಲಯ ಪ್ರಾಧಿಕಾರದ ಒಪ್ಪಿಗೆ ಬೇಕು, ರಕ್ತಪರೀಕ್ಷೆ ಬೇಕು. ಸಾಗಿಸುವ ಪೆಟ್ಟಿಗೆಯನ್ನು ವಾರಗಟ್ಟಲೆ ಮುಂಚೆಯೇ ಪ್ರಾಣಿಯ ಮನೆಯಲ್ಲಿಟ್ಟು, ಅದರೊಳಗೇ ಆಹಾರ ಕೊಟ್ಟು, ತಾನಾಗಿ ಹೋಗಿಬರುವಂತೆ ಅಭ್ಯಾಸ ಮಾಡಿಸಬೇಕು. ಈ ಹಂತ ಅವಸರದಲ್ಲಿ ಮುಗಿಸಿದರೆ ದಾರಿಯಲ್ಲಿ ಪ್ರಾಣಿ ಹೆದರಿ ಪೆಟ್ಟಿಗೆಗೆ ಗುದ್ದಿಕೊಂಡು ಗಾಯ ಮಾಡಿಕೊಳ್ಳುತ್ತದೆ. ಬಂದಿಳಿದ ಮೇಲೆ ಪ್ರತ್ಯೇಕವಾಗಿಟ್ಟು ರೋಗವಿಲ್ಲವೆಂದು ಖಾತ್ರಿಯಾದ ಮೇಲೆಯೇ ಜನರಿಗೆ ತೋರಿಸುತ್ತಾರೆ. "ಬಂದಿದೆಯಂತೆ, ಕಾಣಿಸಲೇ ಇಲ್ಲ" ಎಂಬ ದೂರಿಗೆ ಎಷ್ಟೋ ಸಲ ಇದೇ ಉತ್ತರ.

ಜಿರಾಫೆಗಳ ಸಾಲು ಕೂಡ ಹೀಗೇ ಉಳಿದುಬಂದದ್ದು. ತಾಯಿ ಹದಿನೈದು ತಿಂಗಳು ಹೊತ್ತು ಒಂದೇ ಮರಿ ಹೆರುವ ಪ್ರಾಣಿ ಅದು. ಇಲ್ಲಿ ಹುಟ್ಟಿದ ಜಿರಾಫೆಗಳು ದೇಶದ ಬೇರೆ ಝೂಗಳಿಗೂ ಹೋಗಿವೆ. ಬಂದವರೆಲ್ಲ ಎತ್ತರ ನೋಡಿ ಫೋಟೊ ತೆಗೆದು ಮುಂದೆ ಹೋಗುತ್ತಾರೆ. ಎರಡು ನಿಮಿಷ ನಿಂತು, ಸೊಪ್ಪು ಕಟ್ಟಿರುವ ಎತ್ತರವನ್ನೂ ಅದನ್ನು ಎಳೆಯುವ ಕಪ್ಪು ನಾಲಿಗೆಯನ್ನೂ ನೋಡಿ.

ರೋಗದ ವಿಚಾರದಲ್ಲಿ ಎರಡು ದೇಶದ ಅನುಭವ ಒಂದೇ. ಹೊಕ್ಕೈಡೊದ ಅಸಾಹಿಯಾಮ ಮೃಗಾಲಯದಲ್ಲಿ 1994ರಲ್ಲಿ ಪರೋಪಜೀವಿ ಸೋಂಕಿನಿಂದ ಪ್ರಾಣಿಗಳು ಸತ್ತು ಬಾಗಿಲು ಹಾಕಬೇಕಾಯಿತು. 1996ರಲ್ಲಿ ಬಂದವರು 2.6 ಲಕ್ಷ ಮಾತ್ರ, ಮುಚ್ಚುವ ಮಾತು ಎದ್ದಿತ್ತು. ಅವರು ಹೊಸ ಪ್ರಾಣಿಗಳ ಹಿಂದೆ ಹೋಗಲಿಲ್ಲ. ಇದ್ದ ಪ್ರಾಣಿಗಳೇ ಓಡುವ, ಈಜುವ, ಹತ್ತುವ ಹಾಗೆ ಮನೆಗಳನ್ನು ಮತ್ತೆ ಕಟ್ಟಿದರು, ಪೆಂಗ್ವಿನ್ ತಲೆಯ ಮೇಲೆ ಈಜುವ ನೀರಿನ ಸುರಂಗದಂಥವು. ಹತ್ತು ವರ್ಷದಲ್ಲಿ ವರ್ಷಕ್ಕೆ 30 ಲಕ್ಷ ಜನ ಬರತೊಡಗಿದರು. ಮೈಸೂರಿನಲ್ಲಿ 2017ರ ಜನವರಿಯಲ್ಲಿ ಹಕ್ಕಿಜ್ವರದಿಂದ ಝೂ ಸುಮಾರು ಒಂದು ತಿಂಗಳು ಮುಚ್ಚಿತ್ತು, 2020ರಲ್ಲಿ ಕೋವಿಡ್‌ನಿಂದ ಇನ್ನೂ ಹೆಚ್ಚು. ಗೇಟಿನ ಹಣದಿಂದಲೇ ಮುಖ್ಯವಾಗಿ ನಡೆಯುವ ಸಂಸ್ಥೆಗೆ ಗೇಟು ಮುಚ್ಚುವುದೆಂದರೆ ವರಮಾನ ನಿಂತುಹೋಗುವುದು, ಖರ್ಚು ಮಾತ್ರ ನಿಲ್ಲುವುದಿಲ್ಲ. ಆನೆಗೆ ಹುಲ್ಲು, ಹುಲಿಗೆ ಮಾಂಸ ಆ ದಿನವೂ ಬೇಕು. ಆಗ ಕೈಹಿಡಿದದ್ದು ದಾನಿಗಳು ಮತ್ತು ಪ್ರಾಣಿ ದತ್ತು ಯೋಜನೆ.

ಈ ದತ್ತು ಯೋಜನೆಯನ್ನು ನಾವು ಮನಸಾರೆ ಶಿಫಾರಸು ಮಾಡುತ್ತೇವೆ. ಒಂದು ವರ್ಷಕ್ಕೆ ಒಂದು ಪ್ರಾಣಿಯ ಖರ್ಚಿಗೆ ಹಣ ಕಟ್ಟುವುದು, ಪ್ರಮಾಣಪತ್ರ ಕೊಡುತ್ತಾರೆ, ಹೆಸರನ್ನು ಹಲಗೆಯ ಮೇಲೆ ಹಾಕುತ್ತಾರೆ, ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಆದಾಯ ತೆರಿಗೆಯಲ್ಲಿ ದೇಣಿಗೆಯ ವಿನಾಯಿತಿ ಸಿಗುತ್ತದೆ. ಸಣ್ಣ ಹಕ್ಕಿಯಿಂದ ಆನೆಯವರೆಗೆ ದರದ ಪಟ್ಟಿ ಇದೆ, ಸಂಬಳದ ಮನೆಯವರೂ ಒಂದನ್ನು ಆರಿಸಿಕೊಳ್ಳಬಹುದು. ಮಕ್ಕಳ ಹುಟ್ಟುಹಬ್ಬಕ್ಕೆ ಮಾಡುವವರು ಬಹಳ. ಆದರೆ ಎಲ್ಲರೂ ಹುಲಿ, ಆನೆಗಳನ್ನೇ ಕೇಳಬೇಡಿ. ತೋಳ, ಕತ್ತೆಕಿರುಬ, ಗೂಬೆಗಳನ್ನು ಕೇಳುವವರು ಕಡಿಮೆ. ಅವಧಿ ಮುಗಿಯುವ ತಿಂಗಳನ್ನು ಬರೆದಿಟ್ಟುಕೊಂಡು ನವೀಕರಿಸಿ. ಒಂದೇ ವರ್ಷ ಮಾಡಿ ಮರೆಯುವುದೇ ಹೆಚ್ಚು.

ಜನ ಹಟ ಹಿಡಿದರೆ ಏನಾಗಬಹುದು ಎಂಬುದಕ್ಕೆ ಕಿತಾಕ್ಯುಶುವಿನ ಇತೊಜು ಇದೆ. 1932ರಿಂದ ಒಂದು ಟ್ರಾಮ್ ಕಂಪನಿ, ಮುಂದೆ ನಿಶಿತೆತ್ಸು ರೈಲು ಕಂಪನಿ ನಡೆಸಿದ ಉದ್ಯಾನ ಅದು, 2000ದಲ್ಲಿ ಮುಚ್ಚಿತು. ಊರಿನವರು ಸುಮ್ಮನಿರಲಿಲ್ಲ, ಎರಡೂವರೆ ಲಕ್ಷಕ್ಕೂ ಮಿಕ್ಕಿ ಸಹಿ ಸಂಗ್ರಹಿಸಿದರು. ನಗರಾಡಳಿತ ಕೊಂಡುಕೊಂಡು 2002ರ ಏಪ್ರಿಲ್‌ನಲ್ಲಿ ಮತ್ತೆ ತೆರೆಯಿತು, ಇಂದಿಗೂ ನಡೆಯುತ್ತಿದೆ. ಮೈಸೂರಿನಲ್ಲಿ ಇಂಥ ಹಸ್ತಾಂತರ ಮುಚ್ಚದೆಯೇ ಆಯಿತು. ಅರಮನೆಯಿಂದ 1948ರಲ್ಲಿ ಸರ್ಕಾರದ ಉದ್ಯಾನ ಇಲಾಖೆಗೆ, 1972ರಲ್ಲಿ ಅರಣ್ಯ ಇಲಾಖೆಗೆ, 1979ರಲ್ಲಿ ಕರ್ನಾಟಕ ಮೃಗಾಲಯ ಪ್ರಾಧಿಕಾರಕ್ಕೆ. ಗೇಟಿನ ಹಣ ಝೂಗೇ ಬಳಕೆಯಾಗುವ ಈ ಸ್ವಾಯತ್ತ ವ್ಯವಸ್ಥೆ ನಮ್ಮ ದೃಷ್ಟಿಯಲ್ಲಿ ಜಿರಾಫೆಗಿಂತ ದೊಡ್ಡ ಆಸ್ತಿ.

ಕೊರತೆ ಇಲ್ಲವೆಂದಲ್ಲ. ಹಳೆಯ ಕಾಲದ ಕೆಲವು ಹಕ್ಕಿಮನೆಗಳಲ್ಲಿ ಜಾಲರಿ ದಟ್ಟವಾದ್ದರಿಂದ ಒಳಗಿನ ಹಕ್ಕಿ ಸರಿಯಾಗಿ ಕಾಣುವುದಿಲ್ಲ. ಕಂದಕದಾಚೆಯ ಪ್ರಾಣಿ ದೂರದಲ್ಲಿರುತ್ತದೆ, 8 ಪಟ್ಟು ಹತ್ತಿರ ತೋರಿಸುವ ಸಣ್ಣ ದುರ್ಬೀನು ತಂದರೆ ಇಡೀ ಭೇಟಿಯ ರೂಪವೇ ಬದಲಾಗುತ್ತದೆ. ಗಾಜಿನ ಹಿಂದಿರುವ ಪ್ರಾಣಿಯ ಫೋಟೊಗೆ ಲೆನ್ಸನ್ನು ಗಾಜಿಗೆ ತಾಗಿಸಿ ಹಿಡಿಯಿರಿ, ಸುತ್ತ ಅಂಗೈ ಅಡ್ಡವಿಡಿ, ಪ್ರತಿಬಿಂಬ ಹೋಗುತ್ತದೆ. ಫ್ಲ್ಯಾಶ್ ಬೇಡವೇ ಬೇಡ. ಜಾಲರಿಯ ಮುಂದೆ ಇದೇ ಉಪಾಯ, ಪ್ರಾಣಿ ಜಾಲರಿಯಿಂದ ದೂರ ಹೋಗುವವರೆಗೆ ಕಾದರೆ ಜಾಲರಿಯ ಗೆರೆ ಮಸುಕಾಗಿ ಮಾಯವಾಗುತ್ತದೆ. ದಸರಾ ಹತ್ತು ದಿನ, ಬೇಸಿಗೆ ರಜೆಯ ಭಾನುವಾರಗಳು ಪ್ರಾಣಿ ನೋಡುವ ದಿನಗಳಲ್ಲ, ಜನ ನೋಡುವ ದಿನಗಳು. ಪಾರ್ಕಿಂಗ್ ಬೆಳಿಗ್ಗೆಯೇ ತುಂಬುತ್ತದೆ. ಕೂರ್ಗಳ್ಳಿಯಲ್ಲಿ ಝೂಗೆ ಸೇರಿದ ಪುನರ್ವಸತಿ ಕೇಂದ್ರವಿದೆ, ಕಾಡಂಚಿನ ಊರುಗಳಲ್ಲಿ ಸೆರೆಸಿಕ್ಕ ಹುಲಿ ಚಿರತೆಗಳನ್ನು ಇಡುವ ಜಾಗ. ಅದು ಜನರಿಗೆ ತೆರೆದಿಲ್ಲ, ಕೇಳಿಕೊಂಡು ಹೋಗಬೇಡಿ.

ಮಂಡ್ಯದ ಕಡೆಯಿಂದ ಬರುವವರು ಬೆಳಗಿನ ರೈಲಿಗೋ ಬಸ್ಸಿಗೋ ಹೊರಟು ಎಂಟೂವರೆಗೆ ಗೇಟಿನಲ್ಲಿರುವಂತೆ ನೋಡಿಕೊಳ್ಳಿ. ಹನ್ನೆರಡಕ್ಕೆ ಸುತ್ತು ಮುಗಿಯುತ್ತದೆ. ಕಾರಂಜಿ ಕೆರೆಯನ್ನು ಆ ಬಿಸಿಲಿನಲ್ಲೇ ಮುಗಿಸಿಬಿಡುವ ಆತುರ ಬೇಡ. ಊಟ ಮಾಡಿ ವಿಶ್ರಾಂತಿ ತೆಗೆದುಕೊಂಡು ಮೂರೂವರೆಗೆ ಹೋಗಿ. ಅಲ್ಲಿನ ನಡೆದು ನೋಡುವ ದೊಡ್ಡ ಹಕ್ಕಿಮನೆ, ದೋಣಿ, ಕೆರೆಯಂಚಿನ ದಾರಿ ಎಲ್ಲವೂ ಇಳಿಹೊತ್ತಿಗೇ ಚೆಂದ. ಗೂಡಿಗೆ ಮರಳುವ ಕೊಕ್ಕರೆ, ನೀರುಕಾಗೆಗಳು ಆಗಲೇ ಬರತೊಡಗುತ್ತವೆ. ಎರಡಕ್ಕೂ ಸೇರಿದ ಟಿಕೆಟನ್ನು ಬೆಳಿಗ್ಗೆ ಝೂ ಕೌಂಟರಿನಲ್ಲೇ ಕೇಳಿ ತೆಗೆದುಕೊಂಡರೆ ಮಧ್ಯಾಹ್ನ ಮತ್ತೆ ಸಾಲಿನಲ್ಲಿ ನಿಲ್ಲಬೇಕಿಲ್ಲ. ಟಿಕೆಟ್ ಚೀಟಿ ಮಾತ್ರ ಊಟದ ಹೊತ್ತಿನಲ್ಲಿ ಕಳೆದುಕೊಳ್ಳದಂತೆ ಇಟ್ಟುಕೊಳ್ಳಿ.